ಹಗ್ಗ ಬಿಟ್ಟು ತಂದ ಕಂಪ್ಯೂಟರ್

ಬಂಗಾರಪೇಟೆಯ ಸುತ್ತಮುತ್ತ ಇಪ್ಪತ್ತೈದು ವರ್ಷ ಜನ ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲವೂ ಆದಿನಾರಾಯಣನ ಅಕ್ಷರದಲ್ಲೇ. ಹೆರಿಗೆ ಆಸ್ಪತ್ರೆಯ ಬೋರ್ಡು ಅವನದು, ಕಲ್ಯಾಣಮಂಟಪದ ಬಾಗಿಲ ಮೇಲಿನ ‘ಸುಸ್ವಾಗತ’ ಅವನದು, ಕೊನೆಗೆ ಚೌಕದಲ್ಲಿ ಕಟ್ಟುವ ‘ಭಾವಪೂರ್ಣ ಶ್ರದ್ಧಾಂಜಲಿ’ಯೂ ಅವನದೇ. ನಡುವೆ ಚುನಾವಣೆ ಬಂದರೆ ಗೆಲ್ಲುವವನ ಗೋಡೆಯನ್ನೂ ಠೇವಣಿ ಕಳೆದುಕೊಳ್ಳುವವನ ಗೋಡೆಯನ್ನೂ ಒಂದೇ ನಿಷ್ಠೆಯಿಂದ ಬರೆಯುತ್ತಿದ್ದ. ಅಷ್ಟು ನಿಷ್ಪಕ್ಷಪಾತಿಯಾದ ಮನುಷ್ಯ ಆ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ. ಅದನ್ನು ಗುರುತಿಸಿ ಯಾರೂ ಶಾಲು ಹೊದಿಸಲಿಲ್ಲ, ಅಷ್ಟೇ. ಬೇರೆಯವರ ಸನ್ಮಾನದ ಬ್ಯಾನರುಗಳನ್ನು ಮಾತ್ರ ಅವನ ಕೈಲೇ ಬರೆಸಿದರು.

ಅವನ ಕೈ ಪಳಗಿದ್ದು ಚಿನ್ನದ ಗಣಿಗಳಲ್ಲಿ. ಎಪ್ಪತ್ತೆರಡನೇ ಇಸವಿಯಲ್ಲಿ, ಹತ್ತೊಂಬತ್ತರ ಹುಡುಗ, ಬಣ್ಣದ ಡಬ್ಬಿ ಹಿಡಿದು ಮಾರಿಕುಪ್ಪಂ ಗಾಡಿ ಹತ್ತಿದ. ಕೋರಮಂಡಲ್‌ನಲ್ಲೂ ಮೈಸೂರು ಮೈನ್ಸ್‌ನಲ್ಲೂ ‘ಅಪಾಯ’ ಎಂದು ನಾಲ್ಕು ಭಾಷೆಗಳಲ್ಲಿ ಬರೆಯುವುದು ಅವನ ಕೆಲಸ. ತಮಿಳು ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಅವನು ಬರೆದ ತಮಿಳು ಅಕ್ಷರ ನೋಡಿ ತಮಿಳರೇ ನಿಂತು ಇನ್ನೊಮ್ಮೆ ಓದುತ್ತಿದ್ದರು. ಕನ್ನಡದಲ್ಲಂತೂ ಅವನ ‘ಳ’ದ ಬಾಲ ಎಂದರೆ ರೈಲ್ವೆ ಸ್ಟೇಷನ್ನಿನ ಆಚೆ ಬದಿಯಿಂದಲೇ ಗುರುತು ಸಿಗುವಂಥದ್ದು. ಮುಂದೆ ಗಣಿಯಲ್ಲಿ ಚಿನ್ನ ಕಡಿಮೆಯಾಯಿತು. ಚಿನ್ನ ಕಡಿಮೆಯಾದ ಕಡೆ ಅಪಾಯವೂ ಕಡಿಮೆಯೆಂದು ಮೇಲಿನವರಿಗೆ ತೋರಿರಬೇಕು, ಬೋರ್ಡುಗಳೂ ನಿಂತವು. ಆದಿನಾರಾಯಣ ಬಂಗಾರಪೇಟೆ ಸ್ಟೇಷನ್ ರಸ್ತೆಯ ತನ್ನ ಮನೆಯ ಮುಂಭಾಗದಲ್ಲೇ ‘ಆದಿ ಆರ್ಟ್ಸ್’ ಎಂದು ಅಂಗಡಿ ತೆರೆದ.

ತೊಂಬತ್ತಾರರಲ್ಲಿ ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿ ಒಂದು ಕಂಪ್ಯೂಟರ್ ತಂದ. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿ ಬೇಸತ್ತವನು ಅವನು. ಮದುವೆ ಕಾರ್ಡು, ಕರಪತ್ರ ಎಲ್ಲ ಆ ಕಡೆ ಓಡತೊಡಗಿದವು. ಅವನ ಅಕ್ಷರಗಳು ಪೊಲೀಸ್ ಪೆರೇಡಿನ ಹಾಗೆ ಒಂದೇ ಎತ್ತರಕ್ಕೆ ನಿಂತಿರುತ್ತಿದ್ದವು. ಜನ ಅದನ್ನು ನೋಡಿ ‘ಏನು ನೀಟು’ ಎನ್ನುತ್ತಿದ್ದರು. ಆದಿನಾರಾಯಣ ಅದನ್ನೆಲ್ಲ ನಕ್ಕು ಸಹಿಸಿದ. ಸಹಿಸಲಾಗದ ಮಾತು ಬಂದದ್ದು ಒಂದು ಗುರುವಾರ, ಅದೂ ಅವನ ಅಕ್ಕನನ್ನು ಕೊಟ್ಟ ಊರಿನಿಂದ.

ಬಂದವನು ಆ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ ಶ್ರೀರಾಮಪ್ಪ. ಬೆಂಚಿನ ಮೇಲೆ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದ.

“ನೋಡಪ್ಪ, ಸೊಸೈಟಿಗೆ ಇಪ್ಪತ್ತೈದು ವರ್ಸ ತುಂಬ್ತು. ಪೋಸ್ಟರು, ಬ್ಯಾನರು, ಸಂಚಿಕೆ ರಟ್ಟು, ಎಲ್ಲಾ ಆಗ್ಬೇಕು. ಆದ್ರೆ ಕಮಿಟೀಲಿ ತೀರ್ಮಾನ ಆಗೋಗದೆ, ಎಲ್ಲಾ ಕಂಪ್ಯೂಟರ್ನಾಗೇ ಅಂತ.”

“ಸೊಸೈಟಿ ಬೋರ್ಡು ಬರ್ದಿದ್ದು ನಾನೇ ಅಲ್ವೇನಣ್ಣ?”

“ನೀನೇ. ಇಪ್ಪತ್ತೈದು ವರ್ಸ ಬಿಸ್ಲು ಮಳೇಗೆ ಅಲ್ಲಾಡ್ಲಿಲ್ಲ. ಅದುಕ್ಕೇ ಜನಕ್ಕೆ ನೋಡಿ ನೋಡಿ ಬೇಜಾರಾಗದೆ.” ಶ್ರೀರಾಮಪ್ಪ ಟವೆಲು ಕೊಡವಿ ಎದ್ದ. “ಕುಪ್ಪುಸ್ವಾಮಿಗೆ ಯೋಳಿ ಕಳ್ಸೀವಿ. ನಿನ್ ತಾವ್ಲೂ ಮಿಸೀನು ಇದ್ರೆ ಯೋಳು, ಸೋಮವಾರ ಅತ್ತು ಗಂಟೆಗೆ ಕಮಿಟಿ ಬಂದು ಮಾದರಿ ನೋಡ್ತದೆ. ಇಲ್ದಿದ್ರೆ ಇಲ್ಲ, ಬೇಜಾರೇನಿಲ್ಲ.”

“ಐತೆ,” ಎಂದ ಆದಿನಾರಾಯಣ.

ಬಾಯಿಂದ ಬಿದ್ದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆದರೆ ಬೇರೆ ದಾರಿ ಇರಲಿಲ್ಲ. ಅಕ್ಕನ ಊರಿನಲ್ಲಿ, ತಾನೇ ಬರೆದ ಬೋರ್ಡಿನ ಕೆಳಗೆ, ಕುಪ್ಪುಸ್ವಾಮಿಯ ಪೋಸ್ಟರು ಅಂಟಿದರೆ ‘ಆದಿ ಆರ್ಟ್ಸ್’ ಎಂಬ ಹೆಸರಿನಲ್ಲಿ ಆದಿ ಮಾತ್ರ ಉಳಿಯುತ್ತಾನೆ. ಶ್ರೀರಾಮಪ್ಪ ಮೂಲೆ ತಿರುಗುವವರೆಗೆ ಕಾದಿದ್ದು ಹೆಂಡತಿ ಅನಸೂಯಮ್ಮ ಹೊರಗೆ ಬಂದಳು.

“ಎಲ್ಲೈತೆ? ಬೆಳಿಗ್ಗೆ ಕಸ ಗುಡಿಸ್ದಾಗ ನನ್ ಕಣ್ಣಿಗೆ ಬೀಳ್ಲಿಲ್ವಲ್ಲ.”

ಹಣದ ವಿಚಾರ ಇಲ್ಲಿ ಬೇಡ. ಶನಿವಾರ ಬೆಳಿಗ್ಗೆ ಅನಸೂಯಮ್ಮನ ಬೋಳು ಮಣಿಕಟ್ಟು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು.

ಇನ್ನು ಆರಿಸುವವರು ಯಾರು ಎಂಬುದು ಪ್ರಶ್ನೆ. ಕಂಪ್ಯೂಟರ್ ಬಲ್ಲವರನ್ನು ಕರೆದುಕೊಂಡು ಹೋಗುವುದು ಬುದ್ಧಿವಂತರ ಲಕ್ಷಣ. ಆದಿನಾರಾಯಣ ತನ್ನ ಭಾವನನ್ನು ಕರೆದುಕೊಂಡು ಹೋದ. ಭಾವ ಮುನಿಸ್ವಾಮಪ್ಪ ಅಕ್ಕನ ಗಂಡ, ಸೊಸೈಟಿ ಕಮಿಟಿಯ ಸದಸ್ಯ, ಮತ್ತು ಸುತ್ತಲ ಹತ್ತೂರಿನಲ್ಲಿ ಹಸು ಕೊಳ್ಳುವವರೆಲ್ಲ ಮೊದಲು ಕರೆಯುವ ಮನುಷ್ಯ. ಮೂವತ್ತು ವರ್ಷದಲ್ಲಿ ಒಬ್ಬ ದಳ್ಳಾಳಿಯೂ ಅವನಿಗೆ ಬರಡು ಹಸು ಕಟ್ಟಿರಲಿಲ್ಲ. ಕೂಡಿಟ್ಟದ್ದನ್ನೆಲ್ಲ ಕೊಟ್ಟು ಮನೆಗೆ ತರುವ ವಸ್ತು ಎಂದರೆ ಆದಿನಾರಾಯಣನ ವಂಶದಲ್ಲಿ ಹಸು ಒಂದೇ. ಹಾಗಾಗಿ ಆ ವ್ಯವಹಾರಕ್ಕೆ ಭಾವ ಬೇಕೇ ಬೇಕು ಎಂದು ಅವನಿಗೆ ಸಹಜವಾಗಿಯೇ ತೋರಿತು.

“ಇಲ್ದೇ ಇರೋದ್ನ ಐತೆ ಅಂದ್ಯಂತೆ?” ಗಾಡಿಯಲ್ಲಿ ಮುನಿಸ್ವಾಮಪ್ಪ ಕೇಳಿದ.

“ಅಂದೆ ಬಾವ.”

“ಸೋಮವಾರಕ್ಕೆ ತಾನೇ ನೋಡೋದು. ಸೋಮವಾರಕ್ಕಿದ್ರೆ ಸುಳ್ಳೆಂಗಾಯ್ತದೆ ಬಿಡು.” ಸೊಸೈಟಿಯಲ್ಲಿ ಇಂಥ ಸದಸ್ಯರಿದ್ದರೆ ಇಪ್ಪತ್ತೈದು ವರ್ಷ ನಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸೇಟು ಒಂದು ಯಂತ್ರವನ್ನು ಮುಂದಿಟ್ಟು ಅದರ ಗುಣಗಾನ ಶುರುಮಾಡಿದ. ಮುನಿಸ್ವಾಮಪ್ಪ ಒಂದು ಮಾತೂ ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂದೆ ನಿಂತ. ಹಿಂದಿನಿಂದ ನೋಡದೆ ಅವನು ಯಾವ ಹಸುವನ್ನೂ ಕೊಂಡವನಲ್ಲ.

“ವಯಸ್ಸೆಷ್ಟು?”

“ಹೊಸಾದು ಸಾಬ್. ಹೋದ ತಿಂಗಳು ಬಂದಿದೆ.”

“ಎಲ್ರೂ ಅಂಗೇ ಯೋಳಾದು. ದಿನಕ್ಕೆಷ್ಟು ವೊತ್ತು ಕೆಲ್ಸ ಮಾಡ್ತದೆ? ಸೆಕೆಗೆ ತಡೀತದಾ?”

ಸೇಟು ಉತ್ತರಿಸಿದ. ಮುನಿಸ್ವಾಮಪ್ಪ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, “ಮೈ ಬಿಸಿ ಐತೆ,” ಎಂದ. ಅದು ಕೆಲಸ ಮಾಡುವಾಗ ಬಿಸಿಯಾಗುವುದೇ ಎಂದು ಸೇಟು ಹೇಳಿದ್ದಕ್ಕೆ, “ಆಗ್ಲಿ, ಈಗ ಕರ್ದು ತೋರ್ಸು,” ಎಂದ.

ಸೇಟು ಆದಿನಾರಾಯಣನ ಮುಖ ನೋಡಿದ. “ಕೆಲಸ ಮಾಡಿ ತೋರಿಸಿ ಅಂತಿದ್ದಾರೆ,” ಎಂದು ಆದಿನಾರಾಯಣ ಅನುವಾದಿಸಿದ.

ಸೇಟು ಹುರುಪಿನಿಂದ ಒಂದು ಗುಂಡಿ ಒತ್ತಿದ. ಪರದೆಯ ತುಂಬ ಬಣ್ಣದ ಮೀನುಗಳು ಈಜಿದವು. ಆಮೇಲೆ ಒಂದು ಕೆಂಪು ಕಾರು ಓಡಿತು. ಆದಿನಾರಾಯಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮುನಿಸ್ವಾಮಪ್ಪ ಅವನ ಮೊಣಕೈ ತಿವಿದ.

“ಇದು ಅವ್ನು ನಿನ್ನೆಯಿಂದ ಕರೀದೆ ಕೆಚ್ಚಲು ತುಂಬ್ಸಿ ನಿಲ್ಸಿರೋದು ಕಣ್ಲಾ. ನಮ್ ತಂಬ್ಗೇಲಿ ಕರೀಬೇಕು. ನಿನ್ ಕೆಲ್ಸ ಏನೈತೋ ಅದ್ನ ಕೊಡು.”

ಆದಿನಾರಾಯಣನ ಚೀಲದಲ್ಲಿ ಮುನಿಸ್ವಾಮಪ್ಪನ ಹಸು ಗೌರಿಯ ಒಂದು ಫೋಟೊ ಇತ್ತು, ಪೋಸ್ಟರಿಗೆಂದು ತಂದದ್ದು. ಸೇಟು ಅದನ್ನು ಯಂತ್ರದೊಳಕ್ಕೆ ಇಳಿಸಿ, ಆಳೆತ್ತರಕ್ಕೆ ಹಿಗ್ಗಿಸಿ, ಮೇಲೆ ದಪ್ಪ ಅಕ್ಷರ ಹಾಕಿ, ಅಕ್ಷರಕ್ಕೆ ನೆರಳು ಕೊಡಲು ಹೊರಟ. ಪರದೆಯ ಮೇಲೊಂದು ಮರಳುಗಡಿಯಾರ ಬಂದು ನಿಂತಿತು. ಟೀ ಬಂತು. ಟೀ ಕುಡಿದಾಯಿತು. ಲೋಟ ವಾಪಸು ಹೋಯಿತು. ಗೌರಿಗೆ ಇನ್ನೂ ಹಿಂಗಾಲು ಬಂದಿರಲಿಲ್ಲ.

“ಆಲು ಬಿಡ್ತಿಲ್ಲ,” ಎಂದ ಮುನಿಸ್ವಾಮಪ್ಪ. “ಮುಂದಿನ್ದು ತೋರ್ಸು.”

ಸೇಟು ಎರಡರಷ್ಟು ನೆನಪಿನ ಶಕ್ತಿಯ ಇನ್ನೊಂದು ಯಂತ್ರ ತಂದಿಟ್ಟ. ಅದು ಟೀ ಬರುವುದರೊಳಗೆ ಹಸುವನ್ನೂ ಅಕ್ಷರವನ್ನೂ ನೆರಳನ್ನೂ ಮುಗಿಸಿ ಸುಮ್ಮನೆ ಕೂತಿತು. ಹತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ, ಮೀನು ನೋಡಿ ಕೊಳ್ಳದೆ ಹೋದವರು ನೀವೇ ಮೊದಲು ಎಂದು ಸೇಟು ಸ್ವಲ್ಪ ದುಃಖದಿಂದಲೇ ಹೇಳಿದ.

ಪರದೆಯನ್ನು ಆಯ್ದುಕೊಳ್ಳುವುದು ಆದಿನಾರಾಯಣನ ಪಾಲಿಗೆ ಬಂತು. ಅವನು ಚೀಲದಿಂದ ಎನಾಮಲ್ ಬಣ್ಣದ ಮಾದರಿ ಪಟ್ಟಿ ತೆಗೆದು, ಗಣಿಯ ‘ಅಪಾಯ’ಕ್ಕೆ ಹಚ್ಚುತ್ತಿದ್ದ ಕೆಂಪಿನ ಚೌಕವನ್ನು ಗಾಜಿಗೆ ಒತ್ತಿ ಹಿಡಿದ. ಮೊದಲನೆಯದರಲ್ಲಿ ಕೆಂಪು ಟೊಮೆಟೊ ಸಾರಿನ ಹಾಗಿತ್ತು. ಎರಡನೆಯದರಲ್ಲಿ ಬೀಟ್‌ರೂಟ್. ನಾಲ್ಕನೆಯದರಲ್ಲಿ ಪಟ್ಟಿಯ ಕೆಂಪೂ ಗಾಜಿನ ಕೆಂಪೂ ಬೆರೆತು ಎಲ್ಲಿ ಯಾವುದು ಎಂದು ತಿಳಿಯದಂತಾಯಿತು. “ಇದು,” ಎಂದ. ಸೇಟು ಆ ಪಟ್ಟಿಯನ್ನು ಇಟ್ಟುಹೋಗಿ ಎಂದು ಕೇಳಿದ. ಕೊಡಲಿಲ್ಲ.

ಇಲ್ಲಿಯವರೆಗೆ ಇಬ್ಬರೂ ಪಂಡಿತರಂತೆ ನಡೆದುಕೊಂಡರು. ಇಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಸೇಟು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ಕೊನೆಯಲ್ಲಿ ಎರಡು ಕಪ್ಪು ವೈರು ಸುರುಳಿ ಸುತ್ತಿ ಒಳಗಿಟ್ಟ.

“ಅದೇನದು?” ಎಂದ ಮುನಿಸ್ವಾಮಪ್ಪ.

“ಪವರ್ ವೈರು ಸಾಬ್. ಇದರ ಜೊತೇದೇ.”

“ಬ್ಯಾಡ. ತೆಗಿ.”

ನಮ್ಮ ಕಡೆ ಹಸು ಮಾರುವವನು ಹಸು ಕೊಡುತ್ತಾನೆ, ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೇ ಜೊತೆಗೆ ಹೋದಂತೆ. ಕೊಳ್ಳುವವನು ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಇದು ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು, ಹಸುವಿಗೂ ಗೊತ್ತು. ಸೇಟಿಗೆ ಮಾತ್ರ ಗೊತ್ತಿರಲಿಲ್ಲ.

“ತಗೊಳ್ಳಿ ಸಾಬ್, ಫ್ರೀ ಇದೆ.”

ಮುನಿಸ್ವಾಮಪ್ಪ ಭಾವಮೈದುನನನ್ನು ಪಕ್ಕಕ್ಕೆ ಎಳೆದ. “ಕೇಳಿದ್ಯಾ? ಅಗ್ಗಾನ ಪುಗಸಟ್ಟೆ ಕೊಡ್ತಾನಂತೆ. ಅಗ್ಗದ ಸಮೇತ ಕೊಡೋನು ಅಸು ತೊಲಗಿದ್ರೆ ಸಾಕು ಅನ್ನೋನೇಯ. ಏನೋ ಐಬೈತೆ.”

“ವೈರಿಲ್ದೆ ಅದು ನಡೆಯಲ್ವಲ್ಲ ಬಾವ.”

“ವೈರಿಗೇನ್ಲಾ ಬರ? ನಮ್ಮೂರ್ನಾಗೆ ಕರೆಂಟಿಲ್ವಾ? ಓಸದು ಕಟ್ಕೊಂಡ್ರಾಯ್ತು.”

ಆದಿನಾರಾಯಣ ಯೋಚಿಸಿದ. ಇಸ್ತ್ರಿ ಪೆಟ್ಟಿಗೆಗೆ ವೈರು ಹಾಕಿಸಿದ್ದು, ರೇಡಿಯೋಗೆ ವೈರು ಹಾಕಿಸಿದ್ದು ಎಲ್ಲ ನೆನಪಾಯಿತು. ಗೌರವಕ್ಕೆ ಕುಂದಿಲ್ಲದ ಮಾತು ಎನಿಸಿತು. ಸೇಟು ಮೂರು ಸಲ ವೈರನ್ನು ಒಳಗಿಟ್ಟ, ಮುನಿಸ್ವಾಮಪ್ಪ ಮೂರು ಸಲ ಹೊರಗೆ ತೆಗೆದ. ಸೇಟು ಒತ್ತಾಯ ಮಾಡಿದಷ್ಟೂ ಅವನ ಅನುಮಾನ ಗಟ್ಟಿಯಾಗುತ್ತ ಹೋಯಿತು. ಕೀಬೋರ್ಡಿನ ವೈರಿನ ವಿಚಾರವೂ ಚರ್ಚೆಗೆ ಬಂತು. ಅದು ಮೈಗೇ ಅಂಟಿಕೊಂಡಿದ್ದರಿಂದ ಹಗ್ಗವಲ್ಲ, ಬಾಲ ಎಂದು ತೀರ್ಮಾನವಾಯಿತು. ಮೌಸಿನದೂ ಬಾಲವೇ. ಸಡಿಲವಾಗಿದ್ದ ಎರಡನ್ನು ಗಲ್ಲಾದ ಮೇಲಿಟ್ಟು, ಕೈಮುಗಿದು, ಇಬ್ಬರೂ ಪೆಟ್ಟಿಗೆಗಳನ್ನು ಹೊತ್ತು ಸ್ಟೇಷನ್ನಿಗೆ ಬಂದರು.

ಭಾನುವಾರ ಬೆಳಿಗ್ಗೆ ಅನಸೂಯಮ್ಮ ಯಂತ್ರಕ್ಕೆ ಅರಿಸಿನ ಕುಂಕುಮವಿಟ್ಟು ಕರ್ಪೂರ ಬೆಳಗಿದಳು. ಆಮೇಲೆ ಆದಿನಾರಾಯಣ ಅದರ ಬೆನ್ನು ತಿರುಗಿಸಿ ನೋಡಿದ. ಅಲ್ಲಿ ಮೂರು ಕಡ್ಡಿ ಎದ್ದಿದ್ದ ಒಂದು ಕುಳಿ ಇತ್ತು. ಇಸ್ತ್ರಿ ಪೆಟ್ಟಿಗೆಯ ವೈರು ಅದಕ್ಕೆ ಹೊಂದಲಿಲ್ಲ. ರೇಡಿಯೋದ್ದು ಹೊಂದಲಿಲ್ಲ. ಬಂಗಾರಪೇಟೆಯಲ್ಲಿ ತೆರೆದಿದ್ದ ಒಂದೇ ಎಲೆಕ್ಟ್ರಿಕಲ್ ಅಂಗಡಿಯವನು ಆದಿನಾರಾಯಣ ಚೀಟಿಯ ಮೇಲೆ ಬರೆದು ತಂದ ಕುಳಿಯ ಚಿತ್ರ ನೋಡಿ, ಚಿತ್ರ ಬಹಳ ಚೆನ್ನಾಗಿದೆ ಎಂದ. ಎಸ್.ಪಿ. ರಸ್ತೆ ಭಾನುವಾರ ಮುಚ್ಚಿರುತ್ತದೆ. ಸೋಮವಾರ ಹತ್ತಕ್ಕೆ ಕಮಿಟಿ. ಸುತ್ತಮುತ್ತ ಆ ವೈರು ಇದ್ದದ್ದು ಒಬ್ಬನ ಬಳಿ, ಕುಪ್ಪುಸ್ವಾಮಿಯ ಬಳಿ. ಅವನನ್ನು ಕೇಳುವುದಕ್ಕಿಂತ ಪೋಸ್ಟರಿನ ಕೆಲಸವನ್ನೇ ತಟ್ಟೆಯಲ್ಲಿಟ್ಟು ಕೊಟ್ಟುಬರುವುದು ಮರ್ಯಾದೆ.

ಅಷ್ಟರಲ್ಲಿ ಮುನಿಸ್ವಾಮಪ್ಪ ಬಂದ. ಕೈಯಲ್ಲಿ ಅರಿಸಿನ ಹಚ್ಚಿದ ಹೊಸ ನೂಲಿನ ಹಗ್ಗ. ಯಾರೂ ಕೇಳದಿದ್ದರೂ ಅದನ್ನು ಪರದೆಯ ಕುತ್ತಿಗೆಗೆ ಎರಡು ಸುತ್ತು ಸುತ್ತಿ ಮೇಜಿನ ಕಾಲಿಗೆ ಕಟ್ಟಿದ.

“ಚೆನ್ನಾಗ್ ಕಟ್ಟಣ್ಣ,” ಎಂದಳು ಅನಸೂಯಮ್ಮ. “ಮೇಯಾಕೆ ಓಗ್ಬಿಟ್ಟಾತು.”

ಮುನಿಸ್ವಾಮಪ್ಪನಿಗೆ ವಿಷಯ ತಿಳಿಯಿತು. ಕುಳಿಯನ್ನು ಬಗ್ಗಿ ನೋಡಿದ, ಬೆರಳಿನಿಂದ ಮುಟ್ಟಿ ನೋಡಿದ. “ನಾ ಬತ್ತೀನಿ ಕಣ್ಲಾ, ಅಸುಗೋಳ್ಗೆ ನೀರಿಡ್ಬೇಕು,” ಎಂದು ಹೊರಟುಹೋದ.

ಆದಿನಾರಾಯಣ ಸ್ವಲ್ಪ ಹೊತ್ತು ಹಗ್ಗ ಕಟ್ಟಿಸಿಕೊಂಡ ಯಂತ್ರವನ್ನು ನೋಡುತ್ತ ಕೂತ. ಆಮೇಲೆ ಎದ್ದು ಹಿಂದಿನ ಕೋಣೆಗೆ ಹೋಗಿ, ದೊಡ್ಡ ಹಾಳೆಯೊಂದನ್ನು ಹಲಗೆಗೆ ಅಂಟಿಸಿ, ಕುಂಚ ನೆನೆಹಾಕಿದ. ಹೆಂಡತಿ ಊಟದ ತಟ್ಟೆ ಅಲ್ಲಿಗೇ ತಂದಿಟ್ಟಳು. ಸಂಜೆಯ ಬೆಳಕು ಹೋಗುವ ಮೊದಲು ಗೌರಿ ಹಾಳೆಯ ಮೇಲೆ ನಿಂತು ತಿರುಗಿ ನೋಡುತ್ತಿದ್ದಳು. ಹಿಂದೆ ಬೆಟ್ಟದ ಹಾಗೆ, ಚಿನ್ನ ತೆಗೆದು ಉಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬಗಳ ಬೂದು ಸಾಲು, ಮೇಲೆ ‘ಬೆಳ್ಳಿಹಬ್ಬದ ದಿನಗಳು’ ಎಂಬ ಅಕ್ಷರ. ಸೋಮವಾರ ಬೆಳಿಗ್ಗೆ ಎದ್ದು ಅಕ್ಷರಕ್ಕೆ ನೆರಳು ಕೊಟ್ಟ. ‘ಳ’ದ ಬಾಲವನ್ನು ಮಾತ್ರ ಯಾವಾಗಿನ ಹಾಗೆ ಒಂದೇ ಉಸಿರಿಗೆ ಎಳೆದ. ಇದು ಕೊನೆಯದಾದರೆ ಆಗಲಿ, ಒಪ್ಪಿಕೊಂಡುಬಿಡೋಣ, ಯಂತ್ರ ನಡೆಯುತ್ತಿಲ್ಲ, ಇದು ಕೈಯದು ಎಂದುಬಿಡೋಣ ಎಂದು ಮನಸ್ಸಿನಲ್ಲೇ ಎರಡು ವಾಕ್ಯ ಕಟ್ಟಿಕೊಂಡ.

ಹತ್ತು ಗಂಟೆಗೆ ಶ್ರೀರಾಮಪ್ಪನ ಹಿಂದೆ ಕಮಿಟಿ ಬಂತು. ಎಲ್ಲರ ಹಿಂದೆ, ಎಲ್ಲರಿಗಿಂತ ಸಣ್ಣಗಾಗಿ, ಮುನಿಸ್ವಾಮಪ್ಪ. ಮೇಜಿನ ಮೇಲಿದ್ದ ಯಂತ್ರಕ್ಕೆ ಎಲ್ಲರೂ ಚಪ್ಪಲಿ ಬಿಟ್ಟು ಕೈಮುಗಿದರು. ಹಗ್ಗ ನೋಡಿ ಒಬ್ಬನೂ ನಗಲಿಲ್ಲ. ಹೊಸದಾಗಿ ಬಂದದ್ದಕ್ಕೆ ಹಗ್ಗ ಕಟ್ಟದೆ ಇನ್ನೇನು? ಆಮೇಲೆ ಗೋಡೆಗೆ ಒರಗಿಸಿದ್ದ ಪೋಸ್ಟರಿನ ಮುಂದೆ ನಿಂತರು. ಆದಿನಾರಾಯಣ ತನ್ನ ಎರಡು ವಾಕ್ಯ ಹೇಳಲು ಗಂಟಲು ಸರಿಮಾಡಿಕೊಂಡ.

“ಅಬ್ಬಬ್ಬ,” ಎಂದ ಶ್ರೀರಾಮಪ್ಪ. “ಮನುಸನ ಕೈಲಾಗೋ ಕೆಲ್ಸಾನೇ ಇದು?”

ಆದಿನಾರಾಯಣನ ಎರಡು ವಾಕ್ಯ ಗಂಟಲಲ್ಲೇ ಕೂತವು.

“ಆ ಅಕ್ಸರ ನೋಡ್ರಪ್ಪ. ಕೈಲಿ ಬರ್ದಿದ್ರೆ ಇಷ್ಟು ನೀಟಾಗಿ ಬತ್ತಿತ್ತಾ? ಅದುಕ್ಕೇ ನಾನು ಕಂಪ್ಯೂಟರೇ ಆಗ್ಬೇಕು ಅಂದಿದ್ದು.” ಶ್ರೀರಾಮಪ್ಪ ನೆರಳಿನ ಮೇಲೆ ಬೆರಳಾಡಿಸಿದ. ಬೆರಳಿಗೆ ನೀಲಿ ಮೆತ್ತಿತು. ಆದಿನಾರಾಯಣ ಕಣ್ಣು ಮುಚ್ಚಿದ. ಶ್ರೀರಾಮಪ್ಪ ಬೆರಳನ್ನು ಎಲ್ಲರಿಗೂ ತೋರಿಸಿದ. “ಈಗಿನ್ನೂ ಬಿಟ್ಟದೆ, ಬಿಸಿ ಆರಿಲ್ಲ. ಎಲ್ಲಿಂದ ಬತ್ತದಮ್ಮ ಇದು?”

“ಇಂದ್ಗಡೆ ಕೋಣೆಯಿಂದ,” ಎಂದಳು ಅನಸೂಯಮ್ಮ. ಅವಳು ಸುಳ್ಳು ಹೇಳುವವಳಲ್ಲ.

“ಒಂದ್ಸಲ ನಮ್ ಮುಂದೇನೂ ಓಡಿಸ್ಬಿಡಪ್ಪ, ನೋಡಾಣ,” ಎಂದನೊಬ್ಬ ಸದಸ್ಯ.

ಆಗ ಹಿಂದಿನಿಂದ ಮುನಿಸ್ವಾಮಪ್ಪನ ಧ್ವನಿ ಎದ್ದಿತು. “ಯೇ, ಈಗ ತಾನೇ ಕರ್ದಿರೋ ಅಸೂನ ಮತ್ತೆ ಕರಿ ಅಂತೀಯಲ್ಲಯ್ಯ. ಆಲಿನ ಸೊಸೈಟೀನಾಗೆ ಇದ್ದು ಇಷ್ಟು ಗೊತ್ತಾಗಲ್ವಾ?”

ಕೇಳಿದವನು ನಾಚಿಕೊಂಡ. ಕೆಲಸ ಆದಿನಾರಾಯಣನದಾಯಿತು. ಎಲ್ಲರೂ ಹೊರಗೆ ನಡೆದ ಮೇಲೆ ಮುನಿಸ್ವಾಮಪ್ಪ ಪೋಸ್ಟರಿನ ಹತ್ತಿರ ಬಂದು ಗೌರಿಯ ಹಣೆ ನೋಡಿದ. ನಡುನೆತ್ತಿಯಿಂದ ಒಂದು ಬೆರಳು ಎಡಕ್ಕೆ ಒಂದು ಸುಳಿ. ಫೋಟೊದಲ್ಲಿ ಅಲ್ಲಿ ನೆರಳು ಬಿದ್ದು ಏನೂ ಕಾಣುತ್ತಿರಲಿಲ್ಲ.

“ಈ ಸುಳಿ ನಿನ್ ಮಿಸೀನಿಗೆ ಯಂಗ್ಲಾ ಗೊತ್ತಾಯ್ತು?” ಎಂದ ಮೆಲ್ಲಗೆ. ಉತ್ತರ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಬುಧವಾರ ವೈರು ಬಂತು. ಸೇಟು ಅವನ್ನು ತೆಗೆದಿಟ್ಟಿದ್ದ. ಆದಿನಾರಾಯಣ ಆರು ತಿಂಗಳು ಕೂತು ಕಲಿತ. ಕಲಿತು ಕಂಪ್ಯೂಟರಿನಲ್ಲೇ ಒಂದು ಅಂಗಡಿಯ ಕರಪತ್ರ ಮಾಡಿಕೊಟ್ಟ. ಗಿರಾಕಿ ಅದನ್ನು ಹಿಂದೆ ಮುಂದೆ ತಿರುಗಿಸಿ, “ಸೊಸೈಟಿ ಪೋಸ್ಟರಿನ ಹಾಗೆ ಬಂದಿಲ್ಲವಲ್ಲ, ಮಿಷಿನ್ನು ಹಳೆಯದಾಯಿತೇ?” ಎಂದು ಕೇಳಿದ. ಇನ್ನೊಬ್ಬ, ಇದು ಕೈಯಲ್ಲಿ ಬರೆದ ಹಾಗಿದೆ ಎಂದು ವಾಪಸು ಮಾಡಿದ. ಅಂದಿನಿಂದ ವ್ಯವಸ್ಥೆ ಬದಲಾಯಿತು. ಯಂತ್ರ ಮುಂದಿನ ಕೋಣೆಯಲ್ಲಿ ಬಣ್ಣದ ಮೀನುಗಳನ್ನು ಈಜಿಸುತ್ತ ಕೂರುತ್ತಿತ್ತು. ಆದಿನಾರಾಯಣ ಹಿಂದಿನ ಕೋಣೆಯಲ್ಲಿ ಬರೆಯುತ್ತಿದ್ದ. ಗಿರಾಕಿಗಳು ಜೋರಾಗಿ ಮಾತಾಡಿದರೆ ಅನಸೂಯಮ್ಮ, “ಸ್ವಲ್ಪ ಮೆಲ್ಲಗೆ, ಕೆಲ್ಸ ನಡೀತೈತೆ,” ಎನ್ನುತ್ತಿದ್ದಳು. ಅವಳ ಮಣಿಕಟ್ಟಿಗೆ ಬಳೆ ವಾಪಸು ಬಂದವು. ಯಂತ್ರದ ಕೀರ್ತಿ ಮಾಲೂರಿನವರೆಗೆ ಹರಡಿತು.

ಒಂದು ದಿನ ಕುಪ್ಪುಸ್ವಾಮಿ ಬಂದ, ಸೌಜನ್ಯಕ್ಕೆ ಒಂದು ಡಜನ್ ಬಾಳೆಹಣ್ಣು ಹಿಡಿದು.

“ಆದಿ ಸಾರ್, ನಾನು ಓಪನ್ನಾಗಿ ಕೇಳ್ತೀನಿ. ಆ ‘ಳ’ ಇದೆಯಲ್ಲ, ಆ ಫಾಂಟ್ ಹೆಸರೇನು? ಮದ್ರಾಸಲ್ಲೂ ಕೇಳಿಬಿಟ್ಟೆ, ಬೆಂಗಳೂರಲ್ಲೂ ಕೇಳಿಬಿಟ್ಟೆ. ಎಲ್ಲೂ ಇಲ್ಲ ಸಾರ್.”

ಆದಿನಾರಾಯಣ ಅವನ ಮುಖವನ್ನೇ ನೋಡಿದ. ಅಷ್ಟು ದಿನ ಗಂಟಲಲ್ಲಿ ಕೂತಿದ್ದ ಎರಡು ವಾಕ್ಯ ಮೇಲೆದ್ದವು. ಈ ಮನುಷ್ಯನಿಗಾದರೂ ಹೇಳಬೇಕು, ಅಕ್ಷರ ಅಂದರೆ ಏನೆಂದು ಅಷ್ಟಿಷ್ಟು ಬಲ್ಲವನು ಎನಿಸಿತು. “ಬನ್ನಿ,” ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಕುಂಚ ಅದ್ದಿ, ಖಾಲಿ ಹಾಳೆಯ ಮೇಲೆ ಅವನ ಕಣ್ಣೆದುರಿಗೇ ಒಂದು ‘ಳ’ ಬರೆದ. ಒಂದೇ ಉಸಿರು, ಒಂದೇ ಎಳೆತ.

ಕುಪ್ಪುಸ್ವಾಮಿ ಬಗ್ಗಿ ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಅವನ ಕಣ್ಣಲ್ಲಿ ನಿಜವಾದ ಮೆಚ್ಚುಗೆ ತುಂಬಿತು.

“ಏನ್ ಸಾರ್ ಪ್ರಾಕ್ಟೀಸು,” ಎಂದ. “ಕಂಪ್ಯೂಟರ್ ಅಕ್ಷರ ನೋಡಿ ನೋಡಿ, ಹಾಗೇ ಕೈಲಿ ಕಾಪಿ ಮಾಡ್ಬಿಟ್ರಲ್ಲ. ಒಂದ್ ಕೂದಲೂ ವ್ಯತ್ಯಾಸ ಇಲ್ಲ. ಪರವಾಗಿಲ್ಲ ಬಿಡಿ, ಫಾಂಟ್ ಹೆಸರು ಹೇಳೋಕೆ ಇಷ್ಟ ಇಲ್ಲ, ನನಗರ್ಥ ಆಗುತ್ತೆ. ಬಿಸಿನೆಸ್ಸು.”

ಆದಿನಾರಾಯಣ ಕುಂಚವನ್ನು ನೀರಿಗೆ ಹಾಕಿದ. ಎಷ್ಟೋ ತಿಂಗಳ ಮೇಲೆ ತನ್ನ ಕೈಗೆ ಸಿಕ್ಕಿದ ಮೊದಲ ಹೊಗಳಿಕೆ ಅದು, ಹೇಗಿದ್ದರೂ ಕೈಗೇ ಸಿಕ್ಕಿದ್ದು. ಬೇಡವೆನ್ನಲು ಮನಸ್ಸಾಗಲಿಲ್ಲ. ಒಳಗೆ ತಿರುಗಿ, “ಕುಪ್ಪುಸ್ವಾಮಿಗೆ ಒಂದ್ ಲೋಟ ಕಾಫಿ ತಾರೇ,” ಎಂದು ಕೂಗಿದ.